ಕಡಲು ಬಿಸಿಯೇರಿದರೆ ನಮ್ಮ ಕೊಡ ಬರಿದಾಗುವುದೇಕೆ?

ಜೂನ್ ತಿಂಗಳು ಬಂತೆಂದರೆ ಮನೆಯಾಕೆಯ ಒಂದು ಕಣ್ಣು ಒಲೆಯ ಮೇಲಿದ್ದರೆ ಇನ್ನೊಂದು ಕಣ್ಣು ಆಕಾಶದ ಮೇಲಿರುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಮೆಣಸು, ಹಪ್ಪಳ ಒಳಗೆ ಬರಬೇಕು. ಸೌದೆ ಸೂರಿನಡಿ ಸೇರಬೇಕು. ಬಾವಿಯ ಹಗ್ಗಕ್ಕೆ ಇನ್ನೆರಡು ಮೊಳ ಸೇರಿಸಬೇಕಾಗಿ ಬಂದ ದಿನಗಳವು. ಪಡುವಣದಲ್ಲಿ ಒಂದು ತುಂಡು ಕರಿಮೋಡ ಕಂಡರೂ ಸಾಕು, ‘ಇಂದು ಬಂದೀತು’ ಎಂದು ಮನಸ್ಸು ಹಗುರಾಗುತ್ತದೆ.

ಆದರೆ ಸಹೋದರಿಯರೇ, ಆ ಮೋಡ ಸುರಿಯುವುದೋ ಚದುರುವುದೋ ಎಂಬ ತೀರ್ಮಾನದ ಒಂದು ದೊಡ್ಡ ಪಾಲು ನಮ್ಮ ಊರಿನ ಆಕಾಶದಲ್ಲಿ ಆಗುವುದೇ ಇಲ್ಲ ಎಂದರೆ ನಂಬುತ್ತೀರಾ? ಅದು ಆಗುವುದು ಸಾವಿರಾರು ಕಿಲೋಮೀಟರ್ ದೂರದ ಶಾಂತ ಸಾಗರದಲ್ಲಿ. ನಾವು ನೋಡಿರದ, ಬಹುಶಃ ಎಂದೂ ನೋಡಲಾರದ ಒಂದು ಕಡಲು ಒಂದೆರಡು ಡಿಗ್ರಿ ಬಿಸಿಯಾದರೆ ನಮ್ಮ ಮನೆಯ ಕೊಡ ಬರಿದಾಗಬಹುದು.

ಇದು ಬರೀ ಮಾತಲ್ಲ. 2023ರಲ್ಲಿ ಕರ್ನಾಟಕ ಇದನ್ನು ಅನುಭವಿಸಿದೆ. ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಜ್ಯದಲ್ಲಿ ಸುರಿಯಬೇಕಿದ್ದ ಮಳೆ ಸರಾಸರಿ 852 ಮಿಲಿಮೀಟರ್. ಸುರಿದದ್ದು 642. ಅಂದರೆ ನಾಲ್ಕರಲ್ಲಿ ಒಂದು ಪಾಲು ಮಳೆ ಬರಲೇ ಇಲ್ಲ. ಇಡೀ ದೇಶಕ್ಕೆ ಆ ವರ್ಷದ ಆಗಸ್ಟ್, 1901ರ ನಂತರದ ಅತ್ಯಂತ ಒಣ ಆಗಸ್ಟ್ ಆಗಿತ್ತು. ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಕಾವೇರಿ ನೀರಿಗಾಗಿ ಸೆಪ್ಟೆಂಬರ್‌ನಲ್ಲಿ ಬಂದ್‌ಗಳು ನಡೆದವು. ಮರುವರ್ಷ, 2024ರ ಮಾರ್ಚ್‌ನಲ್ಲಿ ರಮಝಾನ್ ಆರಂಭವಾದ ದಿನಗಳಲ್ಲೇ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಹೆಂಗಸರು ಕೊಡ ಹಿಡಿದು ಟ್ಯಾಂಕರ್‌ಗಾಗಿ ಕಾಯುತ್ತಿದ್ದರು. ನಗರದ ಸುಮಾರು 14 ಸಾವಿರ ಸರಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂಬ ಆಜ್ಞೆಯೂ ಬಂತು.

ಈ ಸಂಕಟದ ಹಿಂದೆ ನಮ್ಮ ತಪ್ಪುಗಳೂ ಇವೆ. ಕೆರೆ ಮುಚ್ಚಿದ್ದೇವೆ, ನೆಲವನ್ನೆಲ್ಲ ಕಾಂಕ್ರೀಟ್ ಮಾಡಿದ್ದೇವೆ. ಆದರೆ ಆ ವರ್ಷ ಮಳೆ ಕಡಿಮೆಯಾದುದಕ್ಕೆ ಒಂದು ಮುಖ್ಯ ಕಾರಣ ಶಾಂತ ಸಾಗರದ ಬಿಸಿ. ಅದಕ್ಕೆ ‘ಎಲ್ ನಿನೊ’ ಎಂದು ಹೆಸರು. ಈ ಹೆಸರನ್ನು ನೀವು ವಾರ್ತೆಯಲ್ಲಿ ಕೇಳಿರುತ್ತೀರಿ. ಕೇಳಿ, ಇದು ವಿಜ್ಞಾನಿಗಳ ವಿಷಯ ಎಂದು ಪುಟ ತಿರುವಿರುತ್ತೀರಿ. ಆದರೆ ಮನೆಯಲ್ಲಿ ನೀರು, ಅಕ್ಕಿ, ಬೇಳೆ, ತರಕಾರಿಯ ಲೆಕ್ಕ ಇಡುವವರು ಯಾರು? ನೀವೇ ಅಲ್ಲವೇ? ಹಾಗಾದರೆ ಇದು ನಿಮ್ಮ ವಿಷಯವೂ ಹೌದು.

ಬಿಸಿ ಹಿಡಿದಿಡುವ ಪಾತ್ರೆ

ಅಡುಗೆ ಮನೆಯಿಂದಲೇ ಆರಂಭಿಸೋಣ. ಒಲೆಯ ಮೇಲೆ ಖಾಲಿ ಕಾವಲಿ ಇಟ್ಟರೆ ಎರಡು ನಿಮಿಷದಲ್ಲಿ ಕೈ ಸುಡುತ್ತದೆ. ಇಳಿಸಿದರೆ ಬೇಗನೆ ಆರುತ್ತದೆ. ಅದೇ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ನೀರಿಟ್ಟರೆ ಕಾಯಲು ಎಷ್ಟು ಹೊತ್ತು! ಆದರೆ ಒಮ್ಮೆ ಕಾದ ನೀರು ಬೆಂಕಿ ಆರಿದ ಮೇಲೂ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ನೆಲವೆಂಬುದು ಕಾವಲಿ, ಕಡಲೆಂಬುದು ಹಂಡೆ. ಭೂಮಿಯ ಸುತ್ತಲಿನ ಗಾಳಿಯಲ್ಲಿರುವಷ್ಟೂ ಶಾಖವನ್ನು ಕಡಲಿನ ಮೇಲಿನ ಬರೀ ಮೂರು ಮೀಟರ್ ನೀರು ಹಿಡಿದಿಟ್ಟುಕೊಳ್ಳಬಲ್ಲುದು ಎಂದರೆ ಈ ಹಂಡೆಯ ಶಕ್ತಿ ಎಷ್ಟೆಂದು ಊಹಿಸಿ.

ನಮ್ಮ ಮುಂಗಾರು ಹುಟ್ಟುವುದೇ ಈ ಕಾವಲಿ ಮತ್ತು ಹಂಡೆಯ ವ್ಯತ್ಯಾಸದಿಂದ. ಎಪ್ರಿಲ್, ಮೇ ತಿಂಗಳ ಬಿಸಿಲಿಗೆ ನೆಲ ಕಾಯುತ್ತದೆ. ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಆ ಜಾಗ ತುಂಬಲು ಕಡಲಿನ ಕಡೆಯಿಂದ ಗಾಳಿ ನುಗ್ಗುತ್ತದೆ. ಭೂಮಧ್ಯರೇಖೆಯ ಆಚೆಯಿಂದ ಹೊರಟು, ಆಫ್ರಿಕಾದ ಸೊಮಾಲಿಯಾ ತೀರವನ್ನು ಸವರಿ, ಅರಬ್ಬೀ ಸಮುದ್ರದ ಮೇಲೆ ಹಾದು ಬರುವಾಗ ಆ ಗಾಳಿ ಲೆಕ್ಕವಿಲ್ಲದಷ್ಟು ನೀರಾವಿಯನ್ನು ಹೊತ್ತುಕೊಳ್ಳುತ್ತದೆ. ಜೂನ್ 1ರ ಸುಮಾರಿಗೆ ಕೇರಳ, ಅದಾಗಿ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿ. ಪಶ್ಚಿಮ ಘಟ್ಟ ಎದುರಾದಾಗ ಗಾಳಿ ಮೇಲೇರಿ, ತಣಿದು, ಹೊತ್ತದ್ದನ್ನೆಲ್ಲ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ಘಟ್ಟ ದಾಟಿದ ಗಾಳಿಯಲ್ಲಿ ಉಳಿದಿರುವುದು ಸ್ವಲ್ಪವೇ. ಹಾಗಾಗಿ ಚಳ್ಳಕೆರೆಯ ಕಡೆಗೆ ಹೋದರೆ ಐನೂರರ ಆಸುಪಾಸು ಮಾತ್ರ.

ಇಷ್ಟೇ ಆಗಿದ್ದರೆ ಪ್ರತಿವರ್ಷವೂ ಒಂದೇ ಸಮನೆ ಮಳೆ ಬರಬೇಕಿತ್ತು. ಬೇಸಿಗೆ ಪ್ರತಿವರ್ಷವೂ ಬರುತ್ತದೆ, ನೆಲ ಪ್ರತಿವರ್ಷವೂ ಕಾಯುತ್ತದೆ. ಆದರೂ ಒಂದು ವರ್ಷ ನೆರೆ, ಇನ್ನೊಂದು ವರ್ಷ ಬರ ಏಕೆ? ಇದಕ್ಕೆ ಉತ್ತರ ಹುಡುಕಲು ಶಾಂತ ಸಾಗರಕ್ಕೆ ಹೋಗಬೇಕು.

ಹಾಲಿನ ಕೆನೆ ಮತ್ತು ಶಾಂತ ಸಾಗರ

ಬಿಸಿ ಹಾಲಿನ ಲೋಟವನ್ನು ಬಾಯಿಯ ಬಳಿ ಹಿಡಿದು ಊದಿ ನೋಡಿ. ಮೇಲೆ ತೇಲುವ ಕೆನೆ ಆಚೆ ಬದಿಗೆ ಸರಿದು ಗುಡ್ಡೆಯಾಗುತ್ತದೆ. ಊದುವುದನ್ನು ನಿಲ್ಲಿಸಿದರೆ ಮತ್ತೆ ಈಚೆಗೆ ಹರಡುತ್ತದೆ. ಶಾಂತ ಸಾಗರದಲ್ಲಿ ನಡೆಯುವುದೂ ಇದೇ.

ಅಲ್ಲಿ ಭೂಮಧ್ಯರೇಖೆಯ ಉದ್ದಕ್ಕೂ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ದಕ್ಷಿಣ ಅಮೆರಿಕದ ಕಡೆಯಿಂದ ಇಂಡೋನೇಶ್ಯದ ಕಡೆಗೆ ಬೀಸುತ್ತದೆ. ಅದು ಬಿಸಿಲಿಗೆ ಕಾದ ಮೇಲಿನ ನೀರನ್ನು ಕೆನೆಯಂತೆ ಪಶ್ಚಿಮಕ್ಕೆ ತಳ್ಳುತ್ತದೆ. ಇಂಡೋನೇಶ್ಯದ ಬಳಿ ಬಿಸಿನೀರು ಗುಡ್ಡೆಯಾಗಿ, ಅಲ್ಲಿನ ಸಮುದ್ರ ಮಟ್ಟ ಆಚೆ ದಡಕ್ಕಿಂತ ಸುಮಾರು ಅರ್ಧ ಮೀಟರ್ ಎತ್ತರದಲ್ಲಿರುತ್ತದೆ. ಬಿಸಿ ಕಡಲಿನ ಮೇಲೆ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ನಮ್ಮ ಮುಂಗಾರಿಗೂ ಅದರಿಂದ ಬಲ ಸಿಗುತ್ತದೆ. ಅತ್ತ ಪೆರು ದೇಶದ ದಡದಲ್ಲಿ, ಸರಿದುಹೋದ ಬಿಸಿನೀರಿನ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ಅದು ಮೀನುಗಳಿಗೆ ಬೇಕಾದ ಸತ್ವವನ್ನೆಲ್ಲ ಹೊತ್ತು ತರುವುದರಿಂದ ಅಲ್ಲಿ ನಮ್ಮ ಕೊಲ್ಲತರು ಜಾತಿಯ ಮೀನು ಅಪಾರವಾಗಿ ಸಿಗುತ್ತದೆ.

ಕೆಲವು ವರ್ಷಗಳಿಗೊಮ್ಮೆ ಈ ಗಾಳಿ ಸೊರಗುತ್ತದೆ. ಊದುವವರು ಉಸಿರು ಬಿಟ್ಟಂತೆ. ಆಗ ಬಿಸಿನೀರಿನ ಕೆನೆ ಮತ್ತೆ ಪೂರ್ವಕ್ಕೆ ಹರಡುತ್ತದೆ. ಪೆರುವಿನ ಮೀನುಗಾರರ ಬಲೆ ಖಾಲಿಯಾಗುತ್ತದೆ. ಈ ಬಿಸಿ ಕ್ರಿಸ್‌ಮಸ್ ಹೊತ್ತಿಗೆ ಎದ್ದು ಕಾಣುತ್ತಿದ್ದುದರಿಂದ ಅಲ್ಲಿನವರು ಅದನ್ನು ‘ಎಲ್ ನಿನೊ’ ಎಂದರು. ಅವರ ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ ಗಂಡು ಮಗು. ಅವರ ಮನಸ್ಸಿನಲ್ಲಿದ್ದುದು ಬಾಲಯೇಸು. ಇದಕ್ಕೆ ವಿರುದ್ಧವಾಗಿ ಗಾಳಿ ಇನ್ನಷ್ಟು ಜೋರಾಗಿ ಪೂರ್ವದ ಕಡಲು ಹೆಚ್ಚು ತಣ್ಣಗಾದರೆ ಅದು ‘ಲಾ ನಿನಾ’, ಹೆಣ್ಣು ಮಗು.

ಎಲ್ ನಿನೊ ಬಂದಾಗ ನಮಗೇನು ನಷ್ಟ? ಬಿಸಿನೀರು ಎಲ್ಲಿ ಸರಿಯುತ್ತದೋ ಮೋಡ ಕಟ್ಟುವ ಜಾಗವೂ ಅಲ್ಲಿಗೇ ಸರಿಯುತ್ತದೆ. ಶಾಂತ ಸಾಗರದ ನಡುವೆ ಮೇಲೇರಿದ ಗಾಳಿ ಎಲ್ಲಾದರೂ ಕೆಳಗಿಳಿಯಲೇಬೇಕಲ್ಲ? ಅದು ಇಳಿಯುವುದು ಇಂಡೋನೇಶ್ಯ ಮತ್ತು ಭಾರತದ ಕಡೆಗೆ. ಕುದಿಯುವ ಪಾತ್ರೆಯ ಮೇಲೆ ಮುಚ್ಚಳ ಇಟ್ಟು ಒತ್ತಿದಂತೆ, ಕೆಳಗಿಳಿಯುವ ಗಾಳಿ ಮೋಡ ಬೆಳೆಯಲು ಬಿಡುವುದಿಲ್ಲ. ಮುಂಗಾರಿನ ಗಾಳಿಯ ವೇಗವೂ ಕುಂದುತ್ತದೆ. ಮೋಡ ಬಂದಂತೆ ಮಾಡಿ ಹೋಗುತ್ತದೆ. ಶಾಂತ ಸಾಗರದ ನಡುಭಾಗದ ಒಂದು ನಿಗದಿತ ಪ್ರದೇಶದಲ್ಲಿ ಕಡಲ ಮೇಲ್ಮೈ ಸರಾಸರಿಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿ ಹಾಗೆಯೇ ಉಳಿದರೆ ಸಾಕು, ವಿಜ್ಞಾನಿಗಳು ಎಚ್ಚರವಾಗುತ್ತಾರೆ.

ಬರದ ನಡುವೆ ಹುಟ್ಟಿದ ವಿದ್ಯೆ

ಈ ನಂಟು ತಿಳಿಯಲು ಮನುಷ್ಯ ತೆತ್ತ ಬೆಲೆ ಸಣ್ಣದಲ್ಲ. 1876ರಲ್ಲಿ ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿ ಪ್ರಬಲ ಎಲ್ ನಿನೊ ಎದ್ದು ಬರ ಇನ್ನಷ್ಟು ಪ್ರದೇಶಕ್ಕೆ ಹಬ್ಬಿತು. ನಮ್ಮ ಹಿರಿಯರು ಅದನ್ನು ಧಾತು ವರ್ಷದ ಬರ ಎಂದು ಕರೆದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಜನ ಹೆಚ್ಚುವ ಬದಲು ಎಂಟು ಲಕ್ಷ ಕಡಿಮೆಯಾದರು!

ಇಲ್ಲಿ ಒಂದು ಮಾತು ಮರೆಯಬಾರದು. ಮಳೆ ತಡೆದದ್ದು ಕಡಲಿರಬಹುದು. ಅಷ್ಟು ಜನರನ್ನು ಸಾಯಲು ಬಿಟ್ಟದ್ದು ಕಡಲಲ್ಲ. ಆ ಬರದ ನಡುವೆಯೂ ಬ್ರಿಟಿಷ್ ಭಾರತದಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಿತ್ತು. ಪರಿಹಾರ ಕೇಂದ್ರಗಳಲ್ಲಿ ಕೂಲಿ ಮತ್ತು ಅನ್ನವನ್ನು ಬಿಗಿಹಿಡಿದು ಕೊಟ್ಟರು. ಮಳೆಯ ಕೊರತೆ ಪ್ರಕೃತಿಯಿಂದ ಬರಬಹುದು, ಹಸಿವು ಮಾತ್ರ ಬಹುಪಾಲು ಮನುಷ್ಯರ ಕೈಯಿಂದಲೇ ಬರುತ್ತದೆ.

1899ರಲ್ಲಿ ಮತ್ತೆ ಭೀಕರ ಬರ ಬಂತು. ಅದಾದ ಕೆಲವು ವರ್ಷಗಳಲ್ಲಿ, 1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಇಂಗ್ಲೆಂಡಿನ ಗಣಿತಜ್ಞ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದರು. ಮುಂಗಾರು ಕೈಕೊಡುವುದನ್ನು ಮೊದಲೇ ತಿಳಿಯಲು ಸಾಧ್ಯವೇ ಎಂಬುದು ಅವರ ಹುಡುಕಾಟ. ಕಂಪ್ಯೂಟರ್ ಇಲ್ಲದ ಕಾಲ. ಲೋಕದ ನಾನಾ ಊರುಗಳ ಗಾಳಿಯ ಒತ್ತಡ, ಮಳೆ, ಉಷ್ಣತೆಯ ದಾಖಲೆಗಳನ್ನು ತರಿಸಿ, ಕಚೇರಿಯ ಭಾರತೀಯ ಗುಮಾಸ್ತರ ಕೈಯಲ್ಲಿ ರಾಶಿ ರಾಶಿ ಲೆಕ್ಕ ಮಾಡಿಸಿದರು. ಆಗ ಒಂದು ವಿಚಿತ್ರ ಕಂಡಿತು. ಶಾಂತ ಸಾಗರದ ಮೇಲೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ. ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಒಂದೇ ತಕ್ಕಡಿಯ ಎರಡು ತಟ್ಟೆಗಳಂತೆ! ಆದರೆ ಏಕೆ ಎಂದು ಅವರಿಗೆ ಹೇಳಲಾಗಲಿಲ್ಲ. ಗಾಳಿಯ ಈ ತೂಗಾಟ ಮತ್ತು ಪೆರುವಿನ ಕಡಲ ಬಿಸಿ ಒಂದೇ ಸಂಗತಿಯ ಎರಡು ಮುಖ ಎಂದು ಜೇಕಬ್ ಬ್ಯೆರ್ಕ್ನೆಸ್ ಎಂಬ ವಿಜ್ಞಾನಿ ವಿವರಿಸಿದ್ದು 1960ರ ದಶಕದಲ್ಲಿ.

ನಮ್ಮ ಮಗ್ಗುಲಿನ ತಕ್ಕಡಿ

ಎಲ್ ನಿನೊ ಬಂದರೆ ಬರ ಖಚಿತ ಎಂದುಕೊಂಡಿರಾ? ಅಲ್ಲಿಯೇ ಎಲ್ಲರೂ ಎಡವುವುದು. 1997ರಲ್ಲಿ ಕಳೆದ ಶತಮಾನದ ಅತ್ಯಂತ ಪ್ರಬಲ ಎಲ್ ನಿನೊಗಳಲ್ಲೊಂದು ಎದ್ದಿತು. ಭಾರತಕ್ಕೆ ಭಾರೀ ಬರ ಕಾದಿದೆ ಎಂದು ಎಲ್ಲರೂ ಹೆದರಿದರು. ಆದರೆ ಆ ವರ್ಷ ದೇಶದ ಮುಂಗಾರು ಸರಾಸರಿಯ 102 ಶೇಕಡಾ! ಐದು ವರ್ಷ ಕಳೆದು 2002ರಲ್ಲಿ ಬಂದದ್ದು ಅದಕ್ಕಿಂತ ಎಷ್ಟೋ ಸೌಮ್ಯವಾದ ಎಲ್ ನಿನೊ. ಆದರೆ ಮುಂಗಾರು ಶೇಕಡಾ 19ರಷ್ಟು ಕಡಿಮೆಯಾಯಿತು; ಬಿತ್ತನೆಯ ಜುಲೈ ತಿಂಗಳಲ್ಲಂತೂ ಬರಬೇಕಾದ ಮಳೆಯ ಅರ್ಧದಷ್ಟೇ ಬಂತು.

ಈ ಒಗಟಿನ ಒಂದು ಎಳೆ ಸಿಕ್ಕಿದ್ದು 1999ರಲ್ಲಿ. ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ಸಜಿ ಮತ್ತು ಯಮಗಾಟಾ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಂಟಿದ್ದ ಗೋಸ್ವಾಮಿ ಮತ್ತು ವಿನಯಚಂದ್ರನ್, ಈ ನಾಲ್ವರು ಒಂದು ಲೇಖನ ಪ್ರಕಟಿಸಿದರು. ಶಾಂತ ಸಾಗರದಲ್ಲಿರುವಂತೆ ನಮ್ಮ ಹಿಂದೂ ಮಹಾಸಾಗರದಲ್ಲಿಯೂ ಒಂದು ತಕ್ಕಡಿ ಇದೆ ಎಂಬುದು ಅದರ ತಿರುಳು. ಒಂದು ತಟ್ಟೆ ಆಫ್ರಿಕಾದ ಬದಿಯಲ್ಲಿ, ಇನ್ನೊಂದು ಸುಮಾತ್ರಾದ ಬದಿಯಲ್ಲಿ. ಕೆಲವು ವರ್ಷ ಆಫ್ರಿಕಾದ ಬದಿಯ ನೀರು ಸಾಮಾನ್ಯಕ್ಕಿಂತ ಬಿಸಿ, ಸುಮಾತ್ರಾದ ಬದಿ ತಂಪು. ಆಗ ನಮ್ಮ ಮುಂಗಾರಿಗೆ ಅನುಕೂಲ. ಇದು ತಿರುವುಮುರುವಾದರೆ ನಮಗೆ ಪ್ರತಿಕೂಲ. ಕನ್ನಡದಲ್ಲಿ ಇದನ್ನು ಹಿಂದೂ ಮಹಾಸಾಗರದ ದ್ವಿಧ್ರುವ ಎನ್ನುತ್ತಾರೆ. 1997ರಲ್ಲಿ ಈ ತಕ್ಕಡಿ ನಮ್ಮ ಕಡೆಗಿತ್ತು. ದೂರದ ಕಡಲು ಕೈಬಿಟ್ಟರೂ ಮಗ್ಗುಲಿನ ಕಡಲು ಕೈ ಹಿಡಿಯಿತು.

ಆದರೆ ಒಬ್ಬರಿಗೆ ಅನುಕೂಲವಾದದ್ದು ಇನ್ನೊಬ್ಬರಿಗೆ ಸಂಕಟ. 2019ರಲ್ಲಿ ಈ ತಕ್ಕಡಿ ಹಿಂದೆಂದೂ ಕಾಣದಷ್ಟು ಒಂದೇ ಬದಿಗೆ ವಾಲಿತು. ಭಾರತದಲ್ಲಿ ಮುಂಗಾರು ಸರಾಸರಿಯ 110 ಶೇಕಡಾ ಸುರಿಯಿತು. ಆ ವರ್ಷಾಂತ್ಯದಲ್ಲಿ ಪೂರ್ವ ಆಫ್ರಿಕಾದ ದೇಶಗಳು ನೆರೆಯಲ್ಲಿ ಮುಳುಗಿದವು. ಇತ್ತ ತಂಪು ಕಡಲಿನ ಬದಿಯಲ್ಲಿದ್ದ ಆಸ್ಟ್ರೇಲಿಯ ಒಣಗಿ, ಕಾಡುಗಳು ತಿಂಗಳುಗಟ್ಟಲೆ ಹೊತ್ತಿ ಉರಿದವು.

ಎಲ್ ನಿನೊ ಕೂಡ ಎಲ್ಲರ ಮನೆಗೂ ಒಂದೇ ಮುಖ ಹೊತ್ತು ಬರುವುದಿಲ್ಲ. ಮುಂಗಾರಿಗೆ ಅದು ಕಂಟಕ. ಆದರೆ ತಮಿಳುನಾಡಿಗೆ ಮಳೆ ತರುವ ಹಿಂಗಾರಿಗೆ ಅದು ಸಾಮಾನ್ಯವಾಗಿ ಬಲ ಕೊಡುತ್ತದೆ. 2015ರಲ್ಲಿ ಮುಂಗಾರು ಶೇಕಡಾ 14ರಷ್ಟು ಕಡಿಮೆಯಾಗಿ ಉತ್ತರ ಕರ್ನಾಟಕ ಬಾಯಾರಿತು. ಅದೇ ವರ್ಷದ ಡಿಸೆಂಬರ್ ಆರಂಭದಲ್ಲಿ ಚೆನ್ನೈ ಮುಳುಗಿತು. ಕೊಲ್ಲಿಯಲ್ಲಿ ಗಂಡನೋ ಮಗನೋ ಇರುವ ಮನೆಗಳಲ್ಲಿ 2024ರ ಎಪ್ರಿಲ್ 16ನ್ನು ಯಾರೂ ಮರೆತಿರಲಾರರು. ಯುಎಇಯ ಅಲ್ ಐನ್ ಬಳಿ ಒಂದು ದಿನಕ್ಕೂ ಕಡಿಮೆ ಅವಧಿಯಲ್ಲಿ 254 ಮಿಲಿಮೀಟರ್ ಮಳೆ ಸುರಿದು, ದುಬೈಯ ರಸ್ತೆಗಳು ಹೊಳೆಯಾದವು. ಆ ಭಾಗದ ಭಾರೀ ಮಳೆ ಎಲ್ ನಿನೊ ವರ್ಷಗಳಲ್ಲಿ ಇನ್ನಷ್ಟು ಜೋರಾಗುವುದನ್ನು ವಿಜ್ಞಾನಿಗಳು ಗಮನಿಸಿದ್ದಾರೆ. ನಮ್ಮ ಕರಾವಳಿಯ ಅಡುಗೆ ಮನೆಗೂ ಈ ನಂಟು ತಲುಪುತ್ತದೆ. ಬೂತಾಯಿ ಮೀನು ಕೆಲವು ವರ್ಷ ಬುಟ್ಟಿಗಟ್ಟಲೆ ಬಂದು, ಕೆಲವು ವರ್ಷ ಕಾಣೆಯಾಗುತ್ತದೆಯಲ್ಲ? ಅದಕ್ಕೆ ಎಲ್ ನಿನೊ ಒಂದು ಕಾರಣವೆಂದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹೇಳಿದೆ.

ಇವೆಲ್ಲದರ ಮೇಲೆ ಇನ್ನೊಂದು ಹೊರೆ. ಕಾರ್ಖಾನೆ, ವಾಹನಗಳ ಹೊಗೆಯಿಂದ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದ ಶೇಕಡಾ 90ಕ್ಕೂ ಹೆಚ್ಚನ್ನು ನುಂಗುತ್ತಿರುವುದು ಕಡಲೇ. ಅರಬ್ಬೀ ಸಮುದ್ರವೂ ಹಿಂದಿನಂತಿಲ್ಲ. ಬಿಸಿಯಾದ ಕಡಲಿನಿಂದ ಹೆಚ್ಚು ಆವಿ ಏಳುತ್ತದೆ. ಹಾಗಾಗಿ ವಾರಗಟ್ಟಲೆ ಬಿಸಿಲು, ಮತ್ತೆ ಎರಡೇ ದಿನದಲ್ಲಿ ತಿಂಗಳ ಮಳೆ ಎಂಬ ಸ್ಥಿತಿ. ಮಧ್ಯ ಭಾರತದಲ್ಲಿ 1950ರಿಂದ 2015ರವರೆಗೆ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ ಎಂದು ಪುಣೆಯ ವಿಜ್ಞಾನಿಗಳ ಅಧ್ಯಯನ ತೋರಿಸಿದೆ.

ಕಡಲು ಕೊಡುವ ವಾಯಿದೆ

ಇಷ್ಟನ್ನೆಲ್ಲ ತಿಳಿದು ನಾವೇನು ಮಾಡುವುದು, ಕಡಲನ್ನು ತಣಿಸಲು ನಮ್ಮಿಂದಾಗುತ್ತದೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಆದರೆ ಹಂಡೆಯ ಗುಣವನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಕಡಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆಕಾಶದ ಮೋಡ ಒಂದು ಗಂಟೆಯಲ್ಲಿ ಮನಸ್ಸು ಬದಲಿಸುತ್ತದೆ. ಕಡಲಿಗೆ ತಿಂಗಳುಗಳೇ ಬೇಕು. ಆದ್ದರಿಂದಲೇ ಅದು ನಮಗೆ ಮೊದಲೇ ಸುದ್ದಿ ಕೊಡುತ್ತದೆ. ಇಂದು ಲೋಕದ ಕಡಲುಗಳಲ್ಲಿ ‘ಆರ್ಗೊ’ ಎಂಬ ಸುಮಾರು 4 ಸಾವಿರ ಯಂತ್ರಗಳು ತೇಲುತ್ತಿವೆ. ಅವು ಎರಡು ಕಿಲೋಮೀಟರ್ ಆಳಕ್ಕಿಳಿದು, ಹತ್ತು ದಿನಗಳಿಗೊಮ್ಮೆ ಮೇಲೆದ್ದು, ನೀರಿನ ಉಷ್ಣತೆಯನ್ನು ಉಪಗ್ರಹಕ್ಕೆ ತಿಳಿಸುತ್ತವೆ. ಇಂತಹ ಮಾಹಿತಿಯನ್ನೆಲ್ಲ ಕೂಡಿಸಿ ನಮ್ಮ ಹವಾಮಾನ ಇಲಾಖೆ ಎಪ್ರಿಲ್ ಮಧ್ಯದಲ್ಲಿ ಒಮ್ಮೆ, ಮೇ ಕೊನೆಗೆ ಮತ್ತೊಮ್ಮೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ.

2023ರ ಎಪ್ರಿಲ್‌ನಲ್ಲಿಯೂ ಆ ಸುದ್ದಿ ಬಂದಿತ್ತು. ಮುಂಗಾರಿನ ಅವಧಿಯಲ್ಲಿ ಎಲ್ ನಿನೊ ಎದ್ದೇಳುವ ಸಂಭವವಿದೆ ಎಂದು ಇಲಾಖೆ ಹೇಳಿತ್ತು. ಜೊತೆಗೆ ದೇಶದ ಮಳೆ ಸರಾಸರಿಯ 96 ಶೇಕಡಾ ಆಗಬಹುದು ಎಂದೂ ಹೇಳಿತ್ತು. ಕೊನೆಗೆ ಬಂದದ್ದು 94. ಅಂದಾಜು ದೂರವೇನೂ ಹೋಗಲಿಲ್ಲ. ಆದರೆ ನಮಗೆ ಕೇಳಿಸಿದ್ದು ‘96 ಅಂದರೆ ಪರವಾಗಿಲ್ಲ’ ಎಂಬುದಷ್ಟೇ. ದೇಶದ 94ರ ಒಳಗೆ ಕರ್ನಾಟಕದ 75 ಅಡಗಿತ್ತು. ಎಪ್ರಿಲ್‌ನಲ್ಲಿ ಬಂದ ಎಚ್ಚರಿಕೆಗೂ ಮರುವರ್ಷದ ಮಾರ್ಚ್‌ನಲ್ಲಿ ಬತ್ತಿದ ನಲ್ಲಿಗೂ ನಡುವೆ ಹನ್ನೊಂದು ತಿಂಗಳಿದ್ದವು. ಆ ಹನ್ನೊಂದು ತಿಂಗಳನ್ನು ಸರಕಾರವೂ ಕಳೆದುಕೊಂಡಿತು, ಮನೆಗಳೂ ಕಳೆದುಕೊಂಡವು.

ಹಾಗಾದರೆ ಮುನ್ಸೂಚನೆಯನ್ನು ಕೇಳುವುದು ಹೇಗೆ? ಮೊದಲನೆಯದಾಗಿ, ‘ಸಂಭವ’ ಎಂಬ ಪದವನ್ನು ಬಿಡದೆ ಕೇಳಿ. ಎಲ್ ನಿನೊ ಎಂದರೆ ಬರದ ತೀರ್ಪಲ್ಲ, ಬರದ ಸಾಧ್ಯತೆ ಹೆಚ್ಚಿದೆ ಎಂಬ ಸೂಚನೆ. ಎರಡನೆಯದಾಗಿ, ದೇಶದ ಸರಾಸರಿಯ ಬಳಿ ನಿಲ್ಲದೆ ನಿಮ್ಮ ಭಾಗದ ಬಗ್ಗೆ ಏನು ಹೇಳಿದ್ದಾರೆ ನೋಡಿ. ಮೂರನೆಯದಾಗಿ, ಹಿಂದೂ ಮಹಾಸಾಗರದ ತಕ್ಕಡಿ ಯಾವ ಬದಿಗಿದೆ ಎಂದು ಕೇಳಿ. ಎರಡೂ ಕಡಲುಗಳು ಎದುರಾಗಿದ್ದರೆ ಹೆಚ್ಚು ಎಚ್ಚರ ಬೇಕು.

ಇನ್ನು ಮನೆಯ ಲೆಕ್ಕಕ್ಕೆ ಬನ್ನಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಡಿನ ಮನೆ ನಿಮ್ಮದು ಎಂದುಕೊಳ್ಳಿ. 2023ರ ಬರದಲ್ಲಿಯೂ ರಾಜ್ಯದ ಸರಾಸರಿ 642 ಮಿಲಿಮೀಟರ್ ಮಳೆ ಬಂತಲ್ಲ? ಅಂದರೆ ಬರಗಾಲದಲ್ಲೂ ಅಂತಹ ಒಂದು ಮಾಡಿನ ಮೇಲೆ ಬಿದ್ದ ನೀರು 64 ಸಾವಿರ ಲೀಟರ್! ದಿನಕ್ಕೆ 500 ಲೀಟರ್ ಬಳಸುವ ಐವರ ಕುಟುಂಬಕ್ಕೆ ನಾಲ್ಕು ತಿಂಗಳ ನೀರು. ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಕರಾವಳಿಯಲ್ಲಿ ಇದೇ ಮಾಡಿನ ಲೆಕ್ಕ ಮೂರೂವರೆ ಲಕ್ಷ ಲೀಟರ್. ಆದರೂ 2019ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ನೀರನ್ನು ಲೆಕ್ಕ ಹಾಕಿ ಬಿಡಬೇಕಾಯಿತು. ಮಾಡಿನ ನೀರು ಚರಂಡಿ ಸೇರಿ ಕಡಲಿಗೆ ಓಡಿದರೆ ಇನ್ನೇನಾದೀತು? ಎಲ್ಲವನ್ನೂ ಹಿಡಿಯಲು ಆಗದಿದ್ದರೂ ಒಂದು ಪೈಪು, ಮರಳು ಜಲ್ಲಿಯ ಒಂದು ಸೋಸುಗುಂಡಿ, ಅದರಿಂದ ಬಾವಿಗೋ ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೋ ಒಂದು ದಾರಿ ಮಾಡಲು ಮೇ ತಿಂಗಳು ಸಾಕು. ಬಾಡಿಗೆ ಮನೆಯವರು ಎರಡು ಡ್ರಮ್ಮುಗಳನ್ನಾದರೂ ಇಟ್ಟುಕೊಳ್ಳಬಹುದು. ವುಝೂ ಮಾಡುವಾಗ ನಲ್ಲಿ ತೆರೆದಿಡದೆ ಲೋಟದಲ್ಲಿ ನೀರು ತೆಗೆದುಕೊಂಡರೆ ಎಷ್ಟು ಉಳಿಯುತ್ತದೆ ಎಂದು ಒಮ್ಮೆ ಅಳೆದು ನೋಡಿ. ಮಕ್ಕಳ ಕೈಯಿಂದಲೇ ಅಳೆಸಿ.

ಕೃಷಿ ಇರುವ ಮನೆಯವರಿಗೆ ಈ ಸುದ್ದಿ ಇನ್ನೂ ಮುಖ್ಯ. ನೀರು ಬೇಡುವ ಬೆಳೆಯ ಬದಲು ರಾಗಿ, ನವಣೆಯಂತಹ ಬೆಳೆಗೆ ಜಾಗ ಕೊಡುವುದು, ಬಿತ್ತನೆಯನ್ನು ಎರಡು ಕಂತಿನಲ್ಲಿ ಮಾಡುವುದು, ಬೆಳೆವಿಮೆಯ ಕೊನೆಯ ದಿನ ತಪ್ಪಿಸದಿರುವುದು ಇವನ್ನೆಲ್ಲ ಎಪ್ರಿಲ್‌ನಲ್ಲೇ ಕೂತು ಮಾತನಾಡಬಹುದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟಬೇಕಾದುದು ವಿಮಾ ಮೊತ್ತದ ಶೇಕಡಾ 2 ಮಾತ್ರ. ಕಡಲಿನ ಅಧ್ಯಯನ ಹೊಲಕ್ಕೆ ಉಪಯೋಗವಾಗಬೇಕು ಎಂದು ದುಡಿದವರಲ್ಲಿ ಒಬ್ಬ ಮಹಿಳೆಯ ಹೆಸರು ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್ ಮುಂಗಾರಿನ ಅಧ್ಯಯನದಲ್ಲಿ ಲೋಕದಲ್ಲೇ ಹೆಸರಾದವರು. ಅವರು ಪಾವಗಡದ ಶೇಂಗಾ ರೈತರೊಂದಿಗೆ ಕುಳಿತು, ಮಳೆಯ ಏರಿಳಿತಕ್ಕೆ ತಕ್ಕಂತೆ ಯಾವಾಗ ಬಿತ್ತಿದರೆ ಒಳ್ಳೆಯದು ಎಂದು ಅಧ್ಯಯನ ನಡೆಸಿದರು. ಭೀಕರ ಬರ ಬಂದ ವರ್ಷ ದೇಶದ ಒಟ್ಟು ಉತ್ಪನ್ನದಲ್ಲಿ ಶೇಕಡಾ 2ರಿಂದ 5ರಷ್ಟು ನಷ್ಟವಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರೂ ಅವರೇ. ವಿಜ್ಞಾನದಲ್ಲಿ ಆಸಕ್ತಿಯಿರುವ ನಿಮ್ಮ ಹೆಣ್ಣು ಮಕ್ಕಳಿಗೆ ಈ ಹೆಸರನ್ನು ಹೇಳಿ.

ಆ ಶೇಕಡಾ ಎರಡು, ಐದು ಎಂಬುದು ಮನೆಯೊಳಗೆ ಹೇಗೆ ಬರುತ್ತದೆ ಗೊತ್ತೇ? ತೊಗರಿಬೇಳೆಯ ಬೆಲೆಯಾಗಿ ಬರುತ್ತದೆ. ಅಕ್ಕಿ ಸಾಲದೇನೋ ಎಂಬ ಆತಂಕದಲ್ಲಿ 2023ರ ಜುಲೈಯಲ್ಲಿ ಕೇಂದ್ರ ಸರಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೇ ನಿಲ್ಲಿಸಿತ್ತು. ಬರವು ಕೊಡವಾಗಿ ತಾಯಿಯ ಸೊಂಟದ ಮೇಲೆ ಕೂರುತ್ತದೆ. ದೂರದಿಂದ ನೀರು ತರಲು ಒಬ್ಬರು ಬೇಕಾದಾಗ ಮೊದಲು ಶಾಲೆ ತಪ್ಪುವುದು ಮಗನಿಗಲ್ಲ, ಮಗಳಿಗೆ. ಮಳೆಯ ಸುದ್ದಿ ಗಂಡಸರು ಕೇಳಿದರೆ ಸಾಕು ಎಂದು ಬಿಡಲಾಗದಿರುವುದು ಇದಕ್ಕೇ.

ಬರ ಬಂದ ವರ್ಷ ನಮ್ಮ ಈದ್ಗಾಹ್‌ಗಳಲ್ಲಿ ಮಳೆಗಾಗಿ ವಿಶೇಷ ನಮಾಝ್ ನಡೆಯುತ್ತದೆ. ಹಾಗೆ ಬೇಡಿ ಪಡೆದ ನೀರು ನಮ್ಮ ಮಾಡಿನ ಮೇಲೆ ಬಿದ್ದಾಗ ಅದಕ್ಕೆ ನಿಲ್ಲಲು ಒಂದು ಜಾಗ ಇರಬೇಡವೇ? ಮುಂದಿನ ಎಪ್ರಿಲ್‌ನಲ್ಲಿ ವಾರ್ತೆಯವರು ಎಲ್ ನಿನೊ ಎಂದಾಗ ಚಾನೆಲ್ ಬದಲಿಸಬೇಡಿ. ಪೂರ್ತಿ ಕೇಳಿ. ಕೇಳಿದ ಮೇಲೆ ಮನೆಯವರನ್ನು ಕರೆದು, ಮಾಡಿನ ಆ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ತೋರಿಸಿ.